ನಿನ್ನ ಬೈಗುಳ ಬೇಕಾಗಿದೆ

ನರ್ಸಮ್ಮಾ,

ನೀನು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ನಾನೂ ಮಗಳೂ ಸಮುದ್ರದೂರಿನ ಬಸ್ಸಿನಲ್ಲಿರುತ್ತೇವೆ. ನಾಳೆ ಬೆಳಿಗ್ಗೆ ಏಳಕ್ಕೇ ಅವಳ ಈಜು ಸ್ಪರ್ಧೆ. ಇವತ್ತು ಹೋಟೆಲಿನಲ್ಲಿ ಅವಳು ಚೆನ್ನಾಗಿ ನಿದ್ದೆ ಮಾಡಲೇಬೇಕು.

ನಿನ್ನ ಊಟ ಮುಚ್ಚಿಟ್ಟಿದ್ದೇನೆ. ಬೆಕ್ಕು ಎಷ್ಟೇ ಗೋಳಾಡಿದರೂ ನಂಬಬೇಡ, ಅದು ಹಾಲು ಕುಡಿದಾಗಿದೆ.

ಈಗ ಮುಖ್ಯ ವಿಷಯ. "ಹಲ್ಲುಜ್ಜಿದ್ಯಾ? ಎಲ್ಲಿ, ಬಾಯಿ ತೋರ್ಸು! ಲೈಟ್ ಆರ್ಸು!" ಎಂದು ನೀನು ಗದರದೆ ನಮ್ಮ ಮೀನುಮರಿಗೆ ನಿದ್ದೆ ಹತ್ತುವುದಿಲ್ಲ. ಹೋದ ಸಲ ಹೋಟೆಲಿನ ಬಾತ್‌ರೂಮಿನೊಳಗೆ ನಿಂತು ನಾನೇ ನಿನ್ನ ದನಿಯಲ್ಲಿ ಗದರಿದ್ದೆ. ಗುಟುರು, ಕೆಮ್ಮು, ಬಳೆ ಸದ್ದು ಎಲ್ಲ ಥೇಟ್ ನಿನ್ನದೇ. ಕೊನೆಗೆ ಬಾಯಿ ತಪ್ಪಿ "ಪ್ಲೀಸ್" ಅಂದುಬಿಟ್ಟೆ. "ಅಪ್ಪಾ, ಅಮ್ಮ ಯಾವತ್ತಾದ್ರೂ ಪ್ಲೀಸ್ ಅಂತಾಳಾ?" ಎಂದು ಎದ್ದು ಕೂತವಳು ತುಂಬ ಹೊತ್ತು ಮಲಗಲಿಲ್ಲ. ಮರುದಿನ ನೀರಿನಲ್ಲೇ ಆಕಳಿಸಿ ಅರ್ಧ ಕೊಳ ಕುಡಿದಳು.

ಅದಕ್ಕೇ, ಒಂಬತ್ತರೊಳಗೆ ಒಂದು ಒಳ್ಳೆಯ ಬೈಗುಳ ರೆಕಾರ್ಡ್ ಮಾಡಿ ಫೋನಿಗೆ ಕಳಿಸು. ನಯನಾಜೂಕು ಬೇಡ.

ಕೊನೆಯಲ್ಲಿ, "ಒದ್ದೆ ಟವಲ್ ಹಾಸಿಗೆ ಮೇಲ್ಯಾಕ್ರೀ?" ಅಂತ ನನಗೂ ಎರಡು ಸೇರಿಸು. ಆವತ್ತು ಅವಳು ಕೊನೆಗೂ ಮಲಗಿದಳು. ನನಗೇ ನಿದ್ದೆ ಬರಲಿಲ್ಲ.

ಇಂತಿ,
ಸಿಕ್ಕಿಬಿದ್ದ ನಕಲಿ ಅಮ್ಮ