ಹೆಂಚಿನಡಿ ಬಂದ ಸೋಲಾರ್ ಹಲಗೆಯನ್ನು ವಾಪಸು ಕೇಳಿದವರಿಗೆ

ಸೌರ ಉಪಕರಣಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನೀವು ಕೆಟ್ಟುಹೋಗಿದೆ ಎಂದು ಷರಾ ಬರೆದ ದೀಪದ ಬೆಳಕಿನಲ್ಲಿ ಕುಳಿತು ಈ ಪತ್ರ ಬರೆಯುತ್ತಿದ್ದೇನೆ. ಬೆಳಕು ಚೆನ್ನಾಗಿದೆ. ಅಕ್ಷರ ದುಂಡಗಿಲ್ಲದಿದ್ದರೆ ಅದು ನನ್ನ ಕೈಯ ದೋಷ, ದೀಪದ್ದಲ್ಲ. ಬರುವ ಸೋಮವಾರ ನಿಮ್ಮ ಲಾರಿ ಬಂದು ಈ ‘ನಿರುಪಯುಕ್ತ’ ಸಾಮಾನನ್ನು ಹೊತ್ತೊಯ್ಯುತ್ತದೆ ಎಂದು ಆದೇಶ ಬಂದಿದೆ. ಒಯ್ಯಬೇಡಿ ಎಂದು ಕೇಳಿಕೊಳ್ಳುವುದಕ್ಕೇ ಇದನ್ನು ಬರೆದಿದ್ದೇನೆ. ಖಾಸಗಿಯಾಗಿ ಬರೆದ ಪತ್ರಗಳಿಗೆ ಉತ್ತರಿಸುವ ಪದ್ಧತಿ ನಿಮ್ಮಲ್ಲಿ ಇಲ್ಲವಾದ್ದರಿಂದ ಹತ್ತು ಜನ ಓದುವ ಹಾಗೆ ಬರೆಯಬೇಕಾಯಿತು.

ನಮ್ಮದು ಸುಗಟೂರಿನಾಚೆಯ ಸಣ್ಣ ಹಳ್ಳಿ. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು ನಾವು. ಇಪ್ಪತ್ತೊಂದನೇ ಶತಮಾನಕ್ಕೆ ಸಿದ್ಧರಾಗಿ ಎಂದು ರೇಡಿಯೋ ದಿನವೂ ಹೇಳುತ್ತಿದೆ. ನಮ್ಮೂರಿಗೆ ಕರೆಂಟಿನ ಕಂಬಗಳು ಎಂದೋ ಬಂದಿವೆ. ತಂತಿ ಬರುವ ತನಕ ಅವು ಸುಮ್ಮನೆ ನಿಲ್ಲಬಾರದೆಂದು ಎಮ್ಮೆ ಕಟ್ಟುತ್ತಿದ್ದೇವೆ. ನನ್ನ ಅತ್ತಿಗೆ ಆದಿಲಕ್ಷ್ಮಮ್ಮ, ಅಣ್ಣ ತೀರಿಕೊಂಡ ಮೇಲೆ ಒಬ್ಬರೇ ಹುಳುಮನೆ ನಡೆಸುತ್ತಿದ್ದಾರೆ. ಮೇವು ಬಿಟ್ಟು ಹಣ್ಣಾದ ಹುಳು ಕತ್ತಲಾಯಿತೆಂದು ಕಾಯುವುದಿಲ್ಲ. ಆಗಲೇ ಆರಿಸಿ ಗೂಡು ಕಟ್ಟಲು ಚಂದ್ರಂಕಿಯ ಬಿದಿರು ತಟ್ಟಿಗೆ ಬಿಡಬೇಕು. ಕಳೆದ ಬೆಳೆಯಲ್ಲಿ ಹೀಗೆ ಆರಿಸುವಾಗ ಲಾಟೀನು ವಾಲಿ ತಟ್ಟೆಗಳ ಮೇಲೆಲ್ಲ ಸೀಮೆಎಣ್ಣೆ ಚೆಲ್ಲಿತು. ಮಕ್ಕಳಂತೆ ಸಾಕಿದ ಹುಳುಗಳನ್ನು ಅತ್ತಿಗೆ ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದು ಬಂದರು. ನೋಡುತ್ತ ನಿಂತಿದ್ದ ನಾನು ಖಾಲಿ ತಟ್ಟೆಗಳನ್ನು ತೊಳೆದಿಟ್ಟೆ. ಹುಳುಮನೆಗೆ ಸೀಮೆಎಣ್ಣೆ ಬೇಡದ ‘ಸೋಲಾರ್’ ದೀಪ ಕೊಡುತ್ತೀರೆಂದು ಕೇಳಿ ಅರ್ಜಿ ಹಾಕಿದ್ದು ಆ ಕಾರಣಕ್ಕೆ.

ದೀಪ ಬಂತು. ಮಾಲೂರಿನವರೆಗೆ ರೈಲಿನಲ್ಲಿ ಸುಖವಾಗಿಯೇ ಬಂದಿರಬೇಕು. ಅಲ್ಲಿಂದ ನಿಮ್ಮ ಗುತ್ತಿಗೆದಾರರು ಅದನ್ನು ಲಾರಿಯ ತಳದಲ್ಲಿ ಮಲಗಿಸಿ ಮೇಲೆ ಒಂದು ಲೋಡು ಹೆಂಚು ಪೇರಿಸಿದರು. ಪೆಟ್ಟಿಗೆಯ ಮೇಲೆ ಗಾಜಿನ ಲೋಟದ ಚಿತ್ರವಿತ್ತು, ಲೋಟ ತಲೆಕೆಳಗಾಗಿತ್ತು. ನಮ್ಮೂರಲ್ಲಿ ಇಳಿಸಿ ನೋಡಿದಾಗ ಹಲಗೆಯ ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು, ಚೌಕಟ್ಟು ಸೊಟ್ಟಗಾಗಿತ್ತು. ಹೆಂಚು ಮಾತ್ರ ಒಂದೂ ಒಡೆದಿರಲಿಲ್ಲ. ಸರ್ಕಾರಿ ಸಾಮಾನು ಇನ್ನೊಬ್ಬರಿಗೆ ಇಷ್ಟರಮಟ್ಟಿಗೆ ಉಪಯೋಗವಾದದ್ದನ್ನು ನಾನು ಅದೇ ಮೊದಲು ಕಂಡದ್ದು.

ಇಟ್ಟುಕೊಳ್ಳುವುದೋ ತಿರುಗಿ ಕಳಿಸುವುದೋ ಎಂದು ಊರಲ್ಲಿ ಚರ್ಚೆಯಾಯಿತು. ಕಳಿಸಿದರೆ ಹೊಸದು ಬರುತ್ತದೆ ಎಂದರು ಕೆಲವರು. ಕಚೇರಿಗೆ ಹೋದದ್ದು ತಿರುಗಿ ಬಂದ ಉದಾಹರಣೆ ಒಂದನ್ನು ಹೇಳಿ ಎಂದರು ಉಳಿದವರು. ಲಾಟೀನು ರಿಪೇರಿಗೆಂದು ಕೋಲಾರದಿಂದ ಬಂದಿದ್ದ ಹುಸೇನ್ ಸಾಬ್, “ಗಾಜು ಒಡೆದ್ರೆ ಲಾಟೀನೇ ಬಿಸಾಕ್ತೀವಾ? ಹೊಸ ಗಾಜು ಬರೋಗಂಟ ಅದ್ರಲ್ಲೇ ಓಡ್ಸಿ ನೋಡಿ” ಎಂದರು. ಓಡಿಸಿ ನೋಡುವುದೆಂದಾಯಿತು. ಆಗ ನಮ್ಮ ಅತ್ತಿಗೆ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: “ಪಾಪ, ಅಷ್ಟು ದೂರದಿಂದ ಏಟು ತಿಂದ್ಕೊಂಡು ಬಂದೈತೆ. ಬಿಸಿಲಿಗಿಟ್ರೆ ಇನ್ನೂ ಸೀಳ್ಕೊಂತದೆ. ಒಳಗೆ ತಂಪಾಗಿ ಮಲಗ್ಸಪ್ಪ.”

ರೇಷ್ಮೆಯವರಿಗೆ ನಾಜೂಕಾದದ್ದನ್ನು ಕಾಪಾಡುವ ದಾರಿ ಇರುವುದು ಒಂದೇ: ನೆರಳು, ತಂಪು, ಒದ್ದೆ ಗೋಣಿಚೀಲ. ಹಲಗೆಯನ್ನು ಹುಳುಮನೆಯೊಳಗೆ ಮಲಗಿಸಿ, ಒದ್ದೆ ಗೋಣಿ ಹೊದಿಸಿ, ಒಣಗಿದಾಗಲೆಲ್ಲ ನೀರು ಚಿಮುಕಿಸಿ ಆರೈಕೆ ಮಾಡಿದೆವು. ದೀಪ ಹತ್ತಲಿಲ್ಲ. ಆಶ್ಚರ್ಯವೇನೂ ಇಲ್ಲ, ನಗಬೇಕೆನಿಸಿದರೆ ನಗಿ. ನಾವೂ ನಕ್ಕಿದ್ದೇವೆ, ಸ್ವಲ್ಪ ತಡವಾಗಿ.

ಆದರೆ ನಿಮ್ಮ ಪರಿವೀಕ್ಷಕರು ಸೌರಶಕ್ತಿಯಲ್ಲಿ ತರಬೇತಿ ಪಡೆದವರು. ಅವರು ಜೀಪಿನಲ್ಲಿ ಬಂದರು. ಹುಳುಮನೆಗೆ ಹೊರಗಿನವರು ಹಾಗೇ ನುಗ್ಗುವಂತಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಬರಬೇಕು, ಇಲ್ಲದಿದ್ದರೆ ಹುಳುವಿಗೆ ರೋಗ ತಗಲುತ್ತದೆ. ಬೂಟಿನ ದಾರ ಬಿಚ್ಚುವುದು ಅವರಿಗೆ ದೊಡ್ಡ ಕೆಲಸವಾಗಿ ಕಂಡಿತು. ಹೊಸ್ತಿಲಾಚೆಯೇ ನಿಂತು, ಗೋಣಿ ಹೊದ್ದು ಮಲಗಿದ್ದ ಹಲಗೆಯನ್ನು ನೋಡಿ, “ಉರಿಯಲ್ವಾ?” ಎಂದು ಕೇಳಿ, “ಇಲ್ಲ ಸ್ವಾಮಿ” ಎಂದದ್ದಕ್ಕೆ ‘ನಿರುಪಯುಕ್ತ’ ಎಂದು ಬರೆದು ಹೋದರು. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಸೂರ್ಯನಿಂದ ನಡೆಯುವ ಯಂತ್ರವನ್ನು ಒಮ್ಮೆ ಸೂರ್ಯನಿಗೆ ತೋರಿಸಬೇಕೆಂದು ನಿಮ್ಮ ತರಬೇತಿಯಲ್ಲಿ ಹೇಳಿಕೊಡುವುದಿಲ್ಲವೇ? ನಮಗೆ ಗೊತ್ತಿರಲಿಲ್ಲ, ಒಪ್ಪಿದೆ. ನಿಮಗೆ?

ಹೊಸ ಬೆಳೆಗೆ ಸುಣ್ಣ ಬಳಿಯಲೆಂದು ಅತ್ತಿಗೆ ಹುಳುಮನೆಯ ಸಾಮಾನೆಲ್ಲ ಅಂಗಳಕ್ಕೆ ಹಾಕಿದರು. ಹೇಗೂ ವಾಪಸು ಹೋಗುವುದೆಂದು ಹಲಗೆಯನ್ನೂ ಬ್ಯಾಟರಿ, ದೀಪದ ಸಮೇತ ಬಿಸಿಲಿಗೆ ದೂಡಿದರು. ಯಾರೂ ಸ್ವಿಚ್ಚು ಆರಿಸಿರಲಿಲ್ಲ. ಸಂಜೆ ಎತ್ತಿಡಲು ಹೋದರೆ ಟ್ಯೂಬು ಬೆಳ್ಳಗೆ ಉರಿಯುತ್ತಿದೆ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಸತ್ತಿಲ್ಲ ಕಣಪ್ಪಾ ಇದು” ಎಂದರು. ಹಲಗೆಯನ್ನು ಅಂಗಳದ ಬಿಸಿಲಲ್ಲೇ ಬಿಟ್ಟು, ದೀಪವನ್ನೂ ಸ್ವಿಚ್ಚನ್ನೂ ಹುಳುಮನೆಯ ಗೋಡೆಗೆ ಹಾಕಿದೆವು; ಅಂದಿನಿಂದ ಒಂದು ಸಂಜೆಯೂ ತಪ್ಪಿಲ್ಲ. ಬಿರುಕಿಗೆ ನೀರಿಳಿಯದಂತೆ ಹುಸೇನ್ ಸಾಬ್ ಅರಗು ಮೆತ್ತಿಕೊಟ್ಟಿದ್ದಾರೆ.

ಇದನ್ನು ತಿಳಿಸಲು ನಾನು ನಿಮ್ಮ ಕಚೇರಿಗೆ ಬಂದಾಗ, ಕಡತ ಮುಗಿದಿದೆ, ಉರಿದರೂ ಅದು ನಿರುಪಯುಕ್ತವೇ ಎಂದಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಇದೆ. ಸೂರ್ಯದೇವರ ಪೂಜಾರಿಯನ್ನು ನಾನು ಈಗ ಕಂಡೆ.

ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದಿವೆ. ನಿಮ್ಮ ಲಾರಿ ಬರುವ ಹೊತ್ತಿಗೆ ಸರಿಯಾಗಿ ಹಣ್ಣಾಗುತ್ತವೆ. ದೀಪ ಹೋದರೆ ಅತ್ತಿಗೆ ಮತ್ತೆ ಅದೇ ಲಾಟೀನು ಹಿಡಿಯಬೇಕು. ಇನ್ನೊಂದು ಬೆಳೆಯನ್ನು ಗುಂಡಿಗೆ ಸುರಿಯುವ ಶಕ್ತಿ ಅವರಿಗಿಲ್ಲ, ಅದನ್ನು ನೋಡುವ ಶಕ್ತಿ ನನಗಿಲ್ಲ. ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ: ಆದೇಶ ರದ್ದು ಮಾಡಿ, ದೀಪ ಇಲ್ಲೇ ಇರಲಿ, ಸಾಧ್ಯವಾದಾಗ ಒಂದು ಗಾಜು ಕಳಿಸಿ, ಹೆಂಚಿನ ಮೇಲಿಟ್ಟು. ಇಲ್ಲ, ಒಯ್ದೇ ತೀರಬೇಕೆಂದರೆ ಲಾರಿಯವನನ್ನು ಕಳಿಸಬೇಡಿ, ತಾವೇ ಸಂಜೆ ಬನ್ನಿ. ಬೂಟು ಬಿಚ್ಚಿ ಕಾಲು ತೊಳೆದುಕೊಳ್ಳಲು ನೀರಿಟ್ಟಿರುತ್ತೇವೆ. ಅತ್ತಿಗೆ ತಟ್ಟೆಗಳ ಮುಂದೆ ಕೂತು ಹುಳು ಆರಿಸುತ್ತಿರುತ್ತಾರೆ. ಸ್ವಿಚ್ಚು ಒಳಗೆ, ಅವರ ತಲೆಯ ಮೇಲಿನ ಗೋಡೆಯಲ್ಲಿದೆ. ತಾವೇ ಆರಿಸಿ.

ಇಂತಿ,
ತಮ್ಮ ಕಡತದ ಪ್ರಕಾರ ಇನ್ನೂ ಕತ್ತಲೆಯಲ್ಲೇ ಇರುವ
ಚನ್ನರಾಯಪ್ಪ