ವಸ್ತಿ ಗಾಡಿ

೨ ಜೂನ್ ೨೦೨೫, ಸೋಮವಾರ. ಚಿಕ್ಕೋಡಿ

ಬೆಳಗಾವಿ ಎರಡು ಟ್ರಿಪ್. ಶಾಲೆಗಳು ಶುರುವಾಗಿವೆ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಚಿಲ್ಲರೆಗಾಗಿ ಎರಡು ಜಗಳ. ಒಂದರಲ್ಲಿ ತಪ್ಪು ನನ್ನದೇ.

ಮನೆಗೆ ಬಂದಾಗ ಅವ್ವ ಮೂರು ತಾಟು ಹಾಕಿದ್ದಳು. ಹಾಕಿ, ನೋಡಿ, ಒಂದನ್ನು ಒಳಗಿಟ್ಟಳು. ನಾನು ನೋಡದವನ ಹಾಗೆ ಕೈ ತೊಳೆಯುತ್ತಲೇ ಇದ್ದೆ.

ಸ್ನೇಹಲ ನಿನ್ನೆಯಿಂದ ಅಥಣಿ ಕಡೆಯ ಐಗಳಿಯಲ್ಲಿ, ತಾಯಿಯ ಹತ್ತಿರ. ಡೈವೋರ್ಸ್ ಆದಮೇಲೆ ಮೂರು ವರ್ಷ ಮಗಳು ನಮ್ಮಲ್ಲೇ ಇದ್ದಳು. ಈ ಸಲ ಅವಳ ತಾಯಿ ಶೀತಲ ಕೋರ್ಟಿನಲ್ಲಿ ಮಗಳನ್ನು ಮತ್ತೆ ಕೇಳಿದಳು. ಜಡ್ಜ್ ಸಾಹೇಬರು ಹುಡುಗಿಯನ್ನೇ ವಿಚಾರಿಸಿದರು. ನನ್ನ ಮುಖ ನೋಡದೆ ಹೇಳಿದಳು— "ಅವ್ವನ ಕಡೆ ಇರ್ತೇನ್ರಿ." ತಪ್ಪೇನಿಲ್ಲ. ಹನ್ನೆರಡು ತುಂಬಿತು, ಬೆಳೆಯುವ ಹುಡುಗಿಗೆ ತಾಯಿ ಬೇಕು. ಇದನ್ನು ಟ್ರಿಪ್ಪಿಗೊಮ್ಮೆ ಹೇಳಿಕೊಳ್ಳುತ್ತೇನೆ. ಒಳಗೆ ಯಾರೂ ಹ್ಞೂಂ ಅನ್ನುವುದಿಲ್ಲ.

ಇಷ್ಟು ದಿನ ಶೀತಲ ತಿಂಗಳಿಗೆ ಎರಡು ಸಾವಿರ ಕಳಿಸುತ್ತಿದ್ದಳು. ಅದು ಬಂದ್. ಇನ್ನು ನಾನೇ ಆರು ಸಾವಿರ ಕೊಡಬೇಕು. ಮೇಲೆ ಶಾಲೆ, ಔಷಧ, ಬಟ್ಟೆ— ಬಿಲ್ ನೋಡಿ ಅರ್ಧ ಅರ್ಧ. ನನ್ನ ವಕೀಲ ಧರಣೇಂದ್ರ ಕಾಗದ ಓದಿ ಹೇಳಿದರು. "ಎರಡನೇ ಶನಿವಾರ, ನಾಕನೇ ಶನಿವಾರ ಕೂಸು ನಿಮ್ಮಲ್ಲಿ ವಸ್ತಿ. ಐತಾರ ಸಂಜಿಕ ವಾಪಸ್. ಬರೋಬ್ಬರಿ ಐತೇನು, ಈಶ್ವರ?"

ವಸ್ತಿ. ಕಂಡಕ್ಟರನಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಪರ ಊರಿನಲ್ಲಿ ರಾತ್ರಿ ಗಾಡಿ ನಿಲ್ಲಿಸುವುದು, ಸೀಟಿನ ಮೇಲೆ ಮಲಗುವುದು, ಬೆಳಗಾಗುತ್ತಲೇ ಹೊರಡುವುದು. ನನ್ನ ಮಗಳು ತಾನು ಬೆಳೆದ ಮನೆಗೆ ವಸ್ತಿಗೆ ಬರುತ್ತಾಳಂತೆ.

"ಬರೋಬ್ಬರಿ ಐತ್ರಿ" ಅಂದು ಸಹಿ ಹಾಕಿದೆ.

೧೪ ಜೂನ್, ಎರಡನೇ ಶನಿವಾರ

ಬರಲಿಲ್ಲ. ನನಗೇ ಡ್ಯೂಟಿ, ನನ್ನ ರಜೆ ಬುಧವಾರ. ಅವ್ವನ ಮೊಣಕಾಲು ಐಗಳಿತನಕ ಬಸ್ಸಿನ ಕುಲುಕಾಟ ತಡೆಯುವುದಿಲ್ಲ. ಶೀತಲ ಚಿಕ್ಕೋಡಿಗೆ ಕಾಲಿಡುವುದಿಲ್ಲ. ಒಂದು ಕೂಸನ್ನು ಇಷ್ಟು ದೂರ ತರುವವರು ಮೂರು ಮನುಷ್ಯರಲ್ಲಿ ಒಬ್ಬರೂ ಇಲ್ಲ. ದಿನವೂ ಊರಿಗೆ ಊರನ್ನೇ ಹೊತ್ತು ತಿರುಗುವ ನೌಕರಿ ನನ್ನದು!

ಫೋನ್ ಮಾಡಿದೆ. ಉಂಡೆಯಾ— ಹ್ಞೂಂ. ಶಾಲೆ ಹೇಗಿದೆ— ಚೊಲೊ ಐತಿ. ಅಜ್ಜಿಗೆ ಕೊಡಲಾ— ಆತು. ಅವ್ವನ ಹತ್ತಿರ ಮಾತ್ರ ಎರಡು ನಿಮಿಷ ಮಾತಾಡಿದಳು. ನಾನು ಬಾಗಿಲಲ್ಲಿ ನಿಂತು ಕೇಳಿದೆ.

೨೧ ಜೂನ್

ವಾಟ್ಸಾಪಿನಲ್ಲಿ ಶೀತಲ ಒಂದು ಬಿಲ್ಲಿನ ಫೋಟೊ ಕಳಿಸಿದ್ದಾಳೆ. ಅಥಣಿಯ ಚಷ್ಮಾ ಅಂಗಡಿ. ಸಾವಿರದ ಎಂಟುನೂರು. ಕೆಳಗೆ— "ಅರ್ಧಾ ಕಳಸ್ರಿ."

ಯಾರಿಗೆ ಚಷ್ಮಾ? ಹೆಸರಿನ ಜಾಗದಲ್ಲಿ ಸ್ನೇಹಲ ಎಂದೇ ಇದೆ. ಮಗಳಿಗೆ ಚಷ್ಮಾ ಬಂದಿದೆ! ಹಣ ತಕ್ಷಣ ಹಾಕಿದೆ. ಯಾವ ಬಣ್ಣದ್ದು, ಮೂಗಿಗೆ ಭಾರವೇನೋ, ಹಾಕಿಕೊಂಡರೆ ಹೇಗೆ ಕಾಣುತ್ತಾಳೆ... ಬಿಲ್ಲಿನಲ್ಲಿ ಅದೆಲ್ಲ ಬರೆಯುವುದಿಲ್ಲ.

೫ ಜುಲೈ

ಇವತ್ತು ಎರಡು ಬಿಲ್. ಒಂದು ಚಪ್ಪಲಿ, ಐದನೇ ನಂಬರು. ಹೋದ ವರ್ಷ ನಾನೇ ಕೊಡಿಸಿದ್ದು ಮೂರು. ಇನ್ನೊಂದು ಕಬಡ್ಡಿ ಟೀ-ಶರ್ಟ್. ಕಬಡ್ಡಿ! ಓಣಿಯ ನಾಯಿ ಕಂಡರೆ ಅಜ್ಜಿಯ ಸೆರಗು ಹಿಡಿಯುತ್ತಿದ್ದ ಹುಡುಗಿ.

ಅವ್ವನಿಗೆ ಓದಿ ಹೇಳಿದೆ. ಕಾದಂಬರಿ ಕೇಳಿದ ಹಾಗೆ ಕೇಳಿದಳು. "ಇನ್ನೊಮ್ಮಿ ಓದು, ಈಶ್ಯಾ" ಅಂದಳು. ಚಪ್ಪಲಿ ಬಿಲ್ಲಿನಲ್ಲಿ ಎಷ್ಟು ಓದಲಿ? ಆದರೂ ಓದಿದೆ.

೧೦ ಜುಲೈ

ಶೀತಲಳೇ ಫೋನ್ ಮಾಡಿದಳು. ಬಹಳ ದಿನದ ಮೇಲೆ ದನಿ.

"ಹಿಂಗ ಚಪ್ಲಿಗಿಷ್ಟ, ಪೆನ್ನಿಗಿಷ್ಟ ಅಂತ ಬಿಲ್ ಕಳಸಾಕ ನನಗ ನಾಚಿಕಿ ಬರ್ತದ್ರಿ. ಭಿಕ್ಷಾ ಬೇಡಿದಂಗ ಆಗ್ತದ. ಎಲ್ಲಾ ಕೂಡಿಸಿ ತಿಂಗಳಿಗೆ ಏಳೂವರಿ ಸಾವಿರ ಕೊಟ್ಟಬಿಡ್ರಿ. ಬಿಲ್ಲಿನ ತಲಿಬ್ಯಾನಿ ಇಬ್ಬರಿಗೂ ಬ್ಯಾಡ."

ನ್ಯಾಯದ ಮಾತು. ಶಾಲೆ ಫೀ, ಔಷಧ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ನನಗೇ ಒಂದಿಷ್ಟು ಉಳಿತಾಯ. "ಆಗೂದಿಲ್ಲ" ಅಂದೆ.

"ಯಾಕ? ನಾ ರೊಕ್ಕಾ ತಿಂತೇನಂತ ಸಂಶೇನು?"

"ಹಂಗಲ್ಲ..."

"ಮತ್ತ ಹೆಂಗ?"

ಗಾಡಿ ಬಿಡುವ ಹೊತ್ತಾಯಿತು ಅಂದೆ. ಫೋನ್ ಇಟ್ಟಳು. ಸಂಜೆ ಧರಣೇಂದ್ರ ವಕೀಲರದೂ ಫೋನ್. "ಮಾರಾಯ, ನಿನಗ ಲಾಭ ಆಗಾಕತ್ತೈತಿ, ಒಪ್ಪಾಕ ಏನಡ್ಡಿ?" ಬಿಲ್ಲು ನಿಂತರೆ ಮಗಳೇ ನಿಂತುಹೋಗುತ್ತಾಳೆ ಎಂದು ವಕೀಲರಿಗೆ ಹೇಗೆ ಹೇಳುವುದು?

೧೬ ಜುಲೈ, ಬುಧವಾರ

ರಜೆ. ಡಿಪೋಗೆ ಹೋಗಿ ಐಗಳಿಯ ವಸ್ತಿ ಗಾಡಿ ಕೇಳಿಕೊಂಡೆ, ಪ್ರತಿ ಶುಕ್ರವಾರ. ಕಂಟ್ರೋಲರ್ ಪೆನ್ನು ಕೆಳಗಿಟ್ಟರು. "ಎಲ್ಲಾರೂ ವಸ್ತಿ ಬ್ಯಾಡಂತ ಕಾಲ ಬೀಳ್ತಾರ, ನೀ ಬೇಕಂತ ಬಂದಿಯಲ್ಲೋ! ಅಲ್ಲಿ ಸೊಳ್ಳಿ ಸಾಕೀಯೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಸಿಕ್ಕಿತು.

೧೮ ಜುಲೈ, ಶುಕ್ರವಾರ. ಐಗಳಿ, ರಾತ್ರಿ ಎಂಟು

ಬೇವಿನ ಮರದ ಕೆಳಗೆ ಗಾಡಿ ನಿಂತಿದೆ. ಡ್ರೈವರ್ ಮಾಳಸಿದ್ದ ಕಟ್ಟೆಯ ಮೇಲೆ ಹಾಸಿಗೆ ಬಿಚ್ಚಿದ. ಇಲ್ಲಿಂದ ಮುರಗೆಪ್ಪ ಮಾವನ ಮನೆಯ ಮಾಳಿಗೆ ಕಾಣುತ್ತದೆ. ಮಾವ ಅನ್ನಬಾರದೇನೋ ಈಗ. ಶೀತಲಳ ಅಪ್ಪ. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆದ ವಾಸನೆ ಊರಿಗೆಲ್ಲ ಹರಡಿದೆ. ಅಂಗಳದಲ್ಲಿ ದೀಪ. ಯಾರೋ ಹುಡುಗಿ ಕೊಡ ತೆಗೆದುಕೊಂಡು ಒಳಗೆ ಹೋದಳು. ಅವಳೋ ಅಲ್ಲವೋ, ದೂರದಿಂದ ಗೊತ್ತಾಗಲಿಲ್ಲ. ಚಷ್ಮಾ ನನಗೂ ಬೇಕಾಗಿದೆ.

ಹೋಗಬಹುದಿತ್ತು. ಕರೆಯದ ಮನೆ. ಹೋಗಲಿಲ್ಲ.

೧೯ ಜುಲೈ, ಶನಿವಾರ

ಶನಿವಾರ ಮುಂಜಾನೆ ಶಾಲೆ. ಅಥಣಿಗೆ ಹೋಗುವ ಮಕ್ಕಳೆಲ್ಲ ನಮ್ಮ ಗಾಡಿಗೇ. ನೂಕುನುಗ್ಗಲಿನಲ್ಲಿ ಟಿಕೆಟ್ ಮೆಷಿನ್ ಹಿಡಿದು ಹಿಂದಿನಿಂದ ಬಂದೆ. ಎರಡು ಜಡೆ, ಹೊಸ ಬ್ಯಾಗು. ತಲೆ ಎತ್ತದೆ ಕೇಳಿಬಿಟ್ಟೆ.

"ಎಲ್ಲಿಗ್ರಿ?"

"ಅಥಣಿ ಒಂದ ಕೊಡ್ರಿ, ಕಂಡಕ್ಟರ್ ಸಾಹೇಬ್ರ!"

ನೋಡಿದರೆ ಸ್ನೇಹಲ! ಗೆಳತಿಯರೆಲ್ಲ ಕಿಸಕ್ಕನೆ ನಕ್ಕರು. ಚಷ್ಮಾ ಕರಿ ಬಣ್ಣದ್ದು. ಒಳಗಿನ ಕಣ್ಣು ಅವೇ.

ಹೆಣ್ಣುಮಕ್ಕಳಿಗೆ ಸರಕಾರದ ಫ್ರೀ ಬಸ್ಸು; ಆದರೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡಲೇಬೇಕು. ಆಧಾರ್ ತೋರಿಸು ಅಂದೆ, ಬೇಕಂತಲೇ. "ನಿನ್ನ ಹೆಸರ ಐತಿ ಅದರಾಗ, ನೋಡಕೊ" ಅಂದಳು. ನನ್ನ ಕೈಯಿಂದ ಅವಳಿಗೆ ನೇರವಾಗಿ ಹೋಗುವುದು ಇದೊಂದೇ. ಇದರಲ್ಲಿ ಅರ್ಧ ಅರ್ಧ ಇಲ್ಲ.

೨೭ ಜುಲೈ, ಭಾನುವಾರ

ನಿನ್ನೆ ನಾಲ್ಕನೇ ಶನಿವಾರ; ಶಾಲೆಗೆ ರಜೆ ಕೇಳಿ, ಬೆಳಗ್ಗೆ ವಸ್ತಿ ಗಾಡಿಯಲ್ಲೇ ಕರೆತಂದೆ. ಅವ್ವ ಪಂಚಮಿಗೆ ಮುಂಚಿತವಾಗಿ ಶೇಂಗಾ ಉಂಡಿ ಕಟ್ಟಿಟ್ಟಿದ್ದಳು. ಸ್ನೇಹಲ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ, ಬ್ಯಾಗು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು— "ಅಜ್ಜಿ, ನೀರ ಕುಡೀಲೇನು?"

ಅವ್ವ ಒಳಗೆ ಹೋಗಿ ಮುಸುರೆ ಪಾತ್ರೆ ಸದ್ದು ಮಾಡತೊಡಗಿದಳು. ನನಗೂ ಎಲ್ಲಾದರೂ ಹೋಗಿ ಸದ್ದು ಮಾಡಬೇಕೆನ್ನಿಸಿತು.

ಇವತ್ತು ರಜೆ ಹಾಕಿ, ಸಂಜೆ ಬಿಟ್ಟು ಬಂದೆ. ಉಳಿದ ಉಂಡಿ ಡಬ್ಬಿಗೆ ತುಂಬಿಕೊಟ್ಟಳು ಅವ್ವ. ಮನೆ ಹಾಗೇ ಇದೆ. ಬಚ್ಚಲಲ್ಲಿ ಅವಳ ಜಡೆಯ ರಿಬ್ಬನ್ ಉಳಿದಿದೆ. ತೆಗೆಯುವುದಿಲ್ಲ.

೧ ಆಗಸ್ಟ್, ಶುಕ್ರವಾರ. ಐಗಳಿ

ಗಾಡಿ ನಿಲ್ಲಿಸುತ್ತಲೇ ಶೀತಲ ಬಂದಳು. ಕೈಯಲ್ಲಿ ಉಂಡಿ ಡಬ್ಬಿ. ಖಾಲಿ ಕೊಡಬಾರದೆಂದು ಒಣದ್ರಾಕ್ಷಿ ತುಂಬಿದ್ದಳು. ಮಾಳಸಿದ್ದ ಇಲ್ಲದ ಕೆಲಸ ನೆನಪಿಸಿಕೊಂಡು ಗಾಡಿಯ ಆಚೆ ಹೋದ.

"ಇವತ್ತ ಹೇಳ್ರಿ" ಅಂದಳು. "ಏಳೂವರಿ ಯಾಕ ಬ್ಯಾಡ? ಹೆಚ್ಚಾತಂದ್ರ ಕಡಿಮಿ ಮಾಡೋಣು."

ಹೇಳಿಬಿಟ್ಟೆ. "ರೊಕ್ಕದ್ದಲ್ಲ, ಶೀತಲಾ. ಆಕಿಗೆ ಚಷ್ಮಾ ಬಂದದ್ದ ನನಗ ಬಿಲ್ಲಿನಿಂದ ಗೊತ್ತಾತು. ಕಾಲ ಬೆಳದದ್ದ ಚಪ್ಲಿ ಬಿಲ್ಲಿನಿಂದ ಗೊತ್ತಾತು. ಬಿಲ್ ನಿಂತರ ನನಗ ಯಾರ ಹೇಳ್ತಾರ? ನಿನಗ ಭಿಕ್ಷಾ ಅನಸ್ತದ. ನನಗ ಅದು... ಮಗಳ ಕಾಗದ ಬಂದಂಗ."

ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿದಳು. ಹಳೇ ಚಟ.

"ಇಷ್ಟ ಹೇಳಾಕ ಮೂರ ವಾರ ಬೇಕಾತು ನಿಮಗ" ಅಂದಳು. ಬೈದಂತೆಯೇ ಅಂದಳು, ಆದರೆ ಮೆಲ್ಲಗೆ. "ಬಿಲ್ ಬಂದ್. ಏಳೂವರಿ ಕೊಡ್ರಿ. ಶುಕ್ರವಾರಕ್ಕೊಮ್ಮಿ ಆಕೀನ ನಿಮಗ ಬುತ್ತಿ ತರ್ತಾಳ. ವಾರದ ಸುದ್ದಿ ಎಲ್ಲಾ ಆಕಿ ಬಾಯಿಲೆ ಕೇಳಕೋರಿ."

ಹೋಗುವಾಗ ತಿರುಗಿ— "ಊಟಾ ಆತೇನು?" ಅಂದಳು. ಆಯಿತು ಅಂದೆ. ಆಗಿರಲಿಲ್ಲ. ಒಣದ್ರಾಕ್ಷಿ ತಿಂದೆ.

೮ ಆಗಸ್ಟ್, ಶುಕ್ರವಾರ. ಐಗಳಿ

ಬಂದಳು. ಬುತ್ತಿಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ನಾನು ಕಂಡಕ್ಟರ್ ಸೀಟಿನಲ್ಲಿ ಉಣ್ಣುತ್ತಿದ್ದೆ. ಅವಳು ಎದುರಿನ ಸೀಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ಒಂದೇ ಸಮ ಮಾತು. ಕಬಡ್ಡಿಯಲ್ಲಿ ಮೊಣಕೈ ತರಚಿದ್ದು, ಗಣಿತದ ಮಾಸ್ತರರ ವಿಗ್ ಗಾಳಿಗೆ ಹಾರಿದ್ದು, ತನ್ನ ಅವ್ವ ಒಂದು ದಿನ ಸುಮ್ಮನೆ ಅತ್ತದ್ದು. ಯಾವ ಬಿಲ್ಲಿನಲ್ಲಿ ಇದೆಲ್ಲ ಬರುತ್ತಿತ್ತು? ರೊಟ್ಟಿ ಮುಗಿದದ್ದು ಗೊತ್ತಾಗಲಿಲ್ಲ.

ಆಮೇಲೆ ಗಾಡಿಯನ್ನೆಲ್ಲ ನೋಡಿದಳು. ಸೀಟಿನ ಮೇಲೆ ಮಡಚಿಟ್ಟ ನನ್ನ ಚಾದರ ಮುಟ್ಟಿದಳು.

"ಅಪ್ಪಾ, ನೀ ಇಲ್ಲೇ ಮಲಗ್ತಿಯೇನು?"

"ಹೌದು. ವಸ್ತಿ ಅಂದ್ರ ಹಂಗ."

"ನಾಳೆ ನಾ ನಿಮ್ಮಲ್ಲಿ ಬರೂದು ವಸ್ತಿ, ಅಲ್ಲಾ?"

"ಹ್ಞೂಂ."

ಚಷ್ಮಾ ಮೇಲೆ ಸರಿಸಿಕೊಂಡಳು. "ಅಂದ್ರ ನಮ್ಮೂರಾಗ ನೀ ವಸ್ತಿ, ನಿಮ್ಮೂರಾಗ ನಾ ವಸ್ತಿ. ಹಂಗಾರ ನಮ್ಮಿಬ್ಬರ ಮನಿ ಎಲ್ಲೈತೋ, ಅಪ್ಪಾ?"

ಚೇಷ್ಟೆಗೆ ಕೇಳಿದಳೋ, ಖರೆಯಾಗಿ ಕೇಳಿದಳೋ. ಅಷ್ಟರಲ್ಲಿ ಮಾಳಿಗೆಯಿಂದ ತಾಯಿ ಕೂಗಿದಳು. ಸ್ನೇಹಲ ಡಬ್ಬಿ ತೆಗೆದುಕೊಂಡು ಇಳಿದಳು. ಮೆಟ್ಟಿಲ ಮೇಲೆ ನಿಂತು ಹೇಳಿದಳು, "ಮುಂಜಾನೆ ಹೇಳು. ವಿಚಾರ ಮಾಡಿ ಹೇಳು."

ಅದನ್ನೇ ವಿಚಾರ ಮಾಡುತ್ತ ಕೂತಿದ್ದೇನೆ. ಬೆಳಗ್ಗೆ ಬ್ಯಾಗು ಹಿಡಿದು ಗಾಡಿ ಹತ್ತುತ್ತಾಳೆ. ಎಲ್ಲಿಗೆ ಎಂದು ಕೇಳುವುದು ನನ್ನ ಕೆಲಸ. ಈ ಸಲ ಅವಳು ಕೇಳುತ್ತಾಳೆ. ನಾನು ಹೇಳಬೇಕು— ಸ್ನೇಹಲ, ನಮ್ಮ ಮನೆ... ಮುಂದಿನದು ಬರೆಯಲು ಬೆಳಗಿನತನಕ ಹೊತ್ತಿದೆ.