ಆರನೆಯ ನಲ್ಲಿ

ಶನಿವಾರ, ಬೆಳಿಗ್ಗೆ

ನನ್ನ ಮುದ್ದು ಮಗಳೇ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ನಿನ್ನ ಪ್ರದರ್ಶನದ ಆರನೆಯ ನಲ್ಲಿಯನ್ನು ನಿಲ್ಲಿಸಿದವಳು ನಾನೇ. ನಿನಗೆ ಮರದ ಚೌಕಟ್ಟು ಮಾಡಿಕೊಟ್ಟ ಆ ಬಡಗಿ ಹುಡುಗನದು ಏನೇನೂ ತಪ್ಪಿಲ್ಲ. ಅವನೇ ಕೆಡಿಸಿದ, ಹೊಟ್ಟೆಕಿಚ್ಚಿನವನು, ಮಾತು ಬಿಟ್ಟಿದ್ದೇನೆ ಎಂದು ನೀನು ಅಳುತ್ತಿದ್ದಾಗ ನಾನು ಹೂಂಗುಟ್ಟಿದೆನಲ್ಲ, ಅದು ನನ್ನ ಹೇಡಿತನ.

ಆಗಿದ್ದಿಷ್ಟು. ಸೋಮವಾರ ಪಕ್ಕದ ರಸ್ತೆಯಲ್ಲಿ ಪೈಪಿನ ಕೆಲಸ ಮುಗಿಸಿ, ನೀನು ಏನು ಮಾಡಿದ್ದೀಯೋ ನೋಡೋಣ ಎಂದು ಸಾಮಾನಿನ ಚೀಲದ ಸಮೇತ ನಿನ್ನ ಪ್ರದರ್ಶನದ ಕೋಣೆಗೆ ಬಂದೆ. ನೀನು ಊಟಕ್ಕೆ ಹೋಗಿದ್ದೆ. ಏಳು ನಲ್ಲಿ, ಕೆಳಗೆ ಏಳು ಪಾತ್ರೆ. ಉಳಿದವೆಲ್ಲ ತಾಳಕ್ಕೆ ಸರಿಯಾಗಿ ತೊಟ್ಟಿಕ್ಕುತ್ತಿದ್ದರೆ ಆರನೆಯದು ಮಾತ್ರ ಅಡ್ಡಾದಿಡ್ಡಿ. ಮೂವತ್ತು ವರ್ಷದಿಂದ ಪ್ಲಂಬರ್ ಆಗಿರುವವಳ ಕೈ ಸುಮ್ಮನಿರುತ್ತದೆಯೇ? ಇದು ಕೆಟ್ಟಿದೆ, ಮಗಳ ಮಾನ ಹೋಗುತ್ತದೆ ಎಂದು ಹೊಸ ರಬ್ಬರ್ ವಾಷರ್ ಹಾಕಿ ಬಿಗಿದೆ. ಎರಡು ನಿಮಿಷದ ಕೆಲಸ. ಆ ಎಡವುವ ತೊಟ್ಟೇ ಇಡೀ ಹಾಡಿನ ಜೀವ ಎಂದು ನೀನು ಹೇಳಿದ ಮೇಲೇ ನನಗೆ ತಿಳಿದದ್ದು.

ಅಂದಿನಿಂದ ಒಂದು ಹುಚ್ಚು ಹಿಡಿದಿದೆ. ನಲ್ಲಿ ನಿಲ್ಲಿಸುವುದು ಗೊತ್ತು, ತೊಟ್ಟಿಕ್ಕಿಸುವುದು ಹೇಗೆ? ಬಚ್ಚಲಲ್ಲಿ ಕೂತು ಹನ್ನೊಂದು ವಾಷರ್ ಹಾಳು ಮಾಡಿದೆ. ಅಂಚು ಕತ್ತರಿಸಿದರೆ ಧಾರೆಯಾಗುತ್ತದೆ, ಸೂಜಿಯಿಂದ ಗೀರಿದರೆ ತೊಟ್ಟು. ಖಾಲಿ ಪಾತ್ರೆಗೆ ಬಿದ್ದರೆ ಟಪ್. ಎರಡು ಬೆರಳು ನೀರಿದ್ದರೆ ಟುಳುಂ. ಯಾಕಿರಬಹುದು? ಇಷ್ಟು ವರ್ಷ ನೀರಿನ ಜೊತೆಗೇ ಇದ್ದು ಒಮ್ಮೆಯೂ ಕಿವಿಗೊಡಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಸ್ನಾನಕ್ಕಾದರೂ ಜಾಗ ಬಿಡ್ತೀಯೇನೇ ಎಂದು ನಿನ್ನ ಅಪ್ಪ ಎರಡು ದಿನದಿಂದ ಬಾಗಿಲು ಬಡಿಯುತ್ತಿದ್ದಾರೆ.

ಕಾಗದದ ಜೊತೆ ಇರುವುದು ಹನ್ನೆರಡನೆಯ ವಾಷರ್. ಮೂರು ತೊಟ್ಟು ನೆಟ್ಟಗೆ ಬಿದ್ದು ನಾಲ್ಕನೆಯದು ತಡವರಿಸುತ್ತದೆ. ನಿನ್ನದರಂತೆಯೇ ಇರಲಿಕ್ಕಿಲ್ಲ. ತಿಂಗಳ ಕೊನೆಗೆ ಸ್ಪರ್ಧೆಯ ತೀರ್ಪುಗಾರರು ಬರುವ ಮೊದಲು ಹಾಕಿ ಕೇಳು. ಅದಕ್ಕೂ ಮೊದಲು ಆ ಹುಡುಗನ ಹತ್ತಿರ ಹೋಗಿ ತಪ್ಪಾಯಿತು ಅನ್ನು. ನನ್ನ ಮೇಲಿನ ಸಿಟ್ಟು ಆಮೇಲೆ ತೀರಿಸಿಕೊಳ್ಳುವೆಯಂತೆ.

ಮುಖ ತೋರಿಸಲು ಹೆದರುತ್ತಿರುವ
ನಿನ್ನ ಅಮ್ಮ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಸಂಕೋಚವಾಗಿತ್ತು. ನಿನ್ನೆ ನಾನೇ ಬಡಗಿಯ ಅಂಗಡಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವನಿಗೆ ಮೊದಲೇ ಗೊತ್ತಿತ್ತು. ಸೋಮವಾರ ನಾನು ಸ್ಪ್ಯಾನರ್ ಚೀಲಕ್ಕೆ ಹಾಕುವಾಗ ಬಾಗಿಲಲ್ಲಿ ನಿಂತು ನೋಡಿದ್ದನಂತೆ; ಮುಖ ನಿನ್ನದೇ ಅಚ್ಚು, ಅಮ್ಮನೇ ಎಂದು ಗುರುತು ಹಿಡಿದನಂತೆ. ಮತ್ತೆ ಅಷ್ಟು ಬೈಗುಳ ಯಾಕಪ್ಪಾ ತಿಂದೆ ಎಂದು ಕೇಳಿದೆ. ಅಮ್ಮ ಒಂದು ಸಲಾನೂ ನನ್ನ ಕೆಲಸ ನೋಡೋಕೆ ಬರ್ಲಿಲ್ಲ ಅಂತ ನೀನು ಅವನ ಹತ್ತಿರ ಹೇಳುತ್ತಿದ್ದೆಯಂತೆ. ನಿಮ್ಮ ಹೆಸರು ಹೇಳಿಬಿಟ್ಟಿದ್ದರೆ ನೀವು ಮತ್ತೆ ಈ ಕಡೆ ಬರ್ತಿರಲಿಲ್ಲ ಅಂದ. ನಿಜ ಮಗಳೇ, ಬರುತ್ತಿರಲಿಲ್ಲ.